ನಡುಮನೇಲಿ ಒಂದು ಸ್ಟುಡಿಯೋ

ಮಹಡಿ ಮೇಲಿನ ರೂಮನ್ನ ರೆಕಾರ್ಡಿಂಗ್ ಸ್ಟುಡಿಯೋ ಮಾಡ್ಬೇಕು ಅಂತ ಹೆಚ್ಚೂಕಮ್ಮಿ ಎಂಟು ತಿಂಗಳಿಂದ ಲೆಕ್ಕ ಹಾಕ್ತಾ ಇದ್ದೆ. ಅದಕ್ಕೇ ಅಂತ 200 ಪೇಜಿನ ಒಂದು ನೋಟ್‌ಬುಕ್ ಇಟ್ಟಿದೀನಿ, ಅರ್ಧ ತುಂಬಿದೆ, ಗೋಡೆ ಅಳತೆ, ಕಿಟಕಿ ಎಲ್ಲಿ ಬರುತ್ತೆ, ಪ್ಲಗ್ ಪಾಯಿಂಟ್ ಎಲ್ಲಿ, ಯಾವ ಮೈಕು, ಎಷ್ಟು ಉದ್ದದ ಕೇಬಲ್ಲು, ಎಲ್ಲಾ ಇದೆ ಅದ್ರಲ್ಲಿ. ಕಳೆದ ತಿಂಗಳು ಮರಗೆಲಸದ ಆಚಾರ್ರನ್ನ ಕರೆಸಿ, ಟೇಪ್ ಹಿಡಿದು ಗೋಡೆ ತೋರಿಸ್ತಾ ಇದ್ದಾಗ ಅಮ್ಮ ಮೆಟ್ಟಿಲ ಬುಡದಿಂದ ಕೂಗಿದ್ಲು. "ಅದೆಲ್ಲಾ ಸರಿ ಕಣೇ, ವೀಣೆ ಮೇಲಕ್ಕೆ ಹೊರೋರ್ಯಾರು? ನಾನು ಹತ್ತೋದಾದ್ರೂ ಹೆಂಗೆ?"

19 ಮೆಟ್ಟಿಲು. ಅಮ್ಮಂಗೆ 74. ಮಂಡಿ ನೋವು ಶುರುವಾಗಿ ವರ್ಷಗಳೇ ಆಯ್ತು, ಕಡೇ ಸಲ ಮೇಲೆ ಬಂದಿದ್ದು ಹಪ್ಪಳ ಒಣಗಿಸೋಕೆ, ಅದೂ ಕರೋನಾಕ್ಕಿಂತ ಮುಂಚೆ. ಇಷ್ಟೆಲ್ಲಾ ಗೊತ್ತಿದ್ದೂ ನನ್ನ ನೋಟ್‌ಬುಕ್ಕಲ್ಲಿ ಒಂದೇ ಒಂದು ಕಡೆ ಮೆಟ್ಟಿಲು ಅನ್ನೋ ಮಾತು ಬಂದಿಲ್ಲ. ಯಾರಿಗೋಸ್ಕರ ರೂಮು ಮಾಡ್ತಾ ಇದ್ನೋ ಅವಳು ಆ ರೂಮಿಗೆ ಬರೋ ಹಾಗೇ ಇಲ್ಲ. ಅವತ್ತು ರಾತ್ರಿ ನಂಗೆ ನಿದ್ದೆ ಹತ್ತಲಿಲ್ಲ.

ಅಮ್ಮ ಕಚೇರಿ ಮಾಡಿದೋಳಲ್ಲ. ಸೋದರತ್ತೆ ಹತ್ರ ವೀಣೆ ಕಲಿತಳು, ಮದುವೆಯಾಗಿ ಮೈಸೂರಿಗೆ ಬಂದಳು, ಅವತ್ತಿಂದ ಇವತ್ತಿನವರೆಗೂ ಮನೆಕೆಲಸ ಶುರುವಾಗೋಕೆ ಮುಂಚೆ ಅರ್ಧ ಗಂಟೆ ನುಡಿಸಿಯೇ ಏಳೋದು. ಅವಳ ಮೀಟು ತುಂಬಾ ಮೆತ್ತಗೆ. ಒಂದು ಸಲ ಮೀಟಿ ಅದರಲ್ಲೇ ನಾಲ್ಕು ಐದು ಸ್ವರ ಎಳೀತಾಳೆ, ಎಳೀತಾ ಎಳೀತಾ ನಾದ ಸಣ್ಣ ಆಗ್ತಾ ಹೋಗುತ್ತೆ, ಆ ಕೊನೇ ಸ್ವರ ಕಿವಿಗೆ ಬೀಳ್ಬೇಕು ಅಂದ್ರೆ ಇಡೀ ಮನೆ ಉಸಿರು ಹಿಡಿದು ಕೂತಿರ್ಬೇಕು. ಇದರ ಜೊತೆ ಹಾಡುಗಳು. ಹಸೆಗೆ ಕರೆಯೋ ಹಾಡು, ಉರುಟಣೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಗರನ್ನ ಕಿಚಾಯಿಸೋ ಹಾಡು, ಅವಳ ಅಜ್ಜಿಯಿಂದ ಬಾಯಿಂದ ಬಾಯಿಗೆ ಬಂದಿದ್ದು. ಕೆಲವು ಎಲ್ಲಾ ಕಡೆ ಹಾಡೋವೇ, ಇನ್ನು ಕೆಲವನ್ನ ನಾನು ಅವಳ ಬಾಯಲ್ಲಿ ಬಿಟ್ಟು ಬೇರೆಲ್ಲೂ ಕೇಳಿಲ್ಲ. ಇವುಗಳನ್ನ ಫೋನಲ್ಲಿ ಎಷ್ಟೋ ಸಲ ರೆಕಾರ್ಡ್ ಮಾಡಿದೀನಿ, ಕೇಳಿದ್ರೆ ದೂರದ ಬಾವಿಯಿಂದ ಯಾರೋ ಹಾಡಿದ ಹಾಗಿರುತ್ತೆ, ವೀಣೆಯಂತೂ ಟಿಂಯ್ ಟಿಂಯ್ ಅನ್ನೋ ಮೊದಲ ಏಟು ಮಾತ್ರ, ಆಮೇಲಿನ ಎಳೆತ ಎಲ್ಲಾ ಫ್ಯಾನ್ ಸದ್ದಲ್ಲಿ ಮುಳುಗಿ ಹೋಗಿರುತ್ತೆ. ಸ್ಟುಡಿಯೋ ಯೋಚನೆ ಹುಟ್ಟಿದ್ದು ಹೀಗೆ.

ಹೊರಗಿನ ಸ್ಟುಡಿಯೋಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ ಅಂತ ಕೇಳ್ಬಹುದು. ಒಂದು ಸಲ ಹೋಗಿದ್ವಿ. ಗಂಟೆ ಲೆಕ್ಕದ ಬಾಡಿಗೆ, ಗಾಜಿನಾಚೆ ಒಬ್ಬ ಹುಡುಗ, ಎ.ಸಿ. ಚಳಿ, ಅಮ್ಮ ಎರಡು ಹಾಡು ಹೇಳಿ ಮೂರನೇದರ ಸಾಲು ಮರೆತಳು. ಮನೇಲಿ ತರಕಾರಿ ಹೆಚ್ಚುತ್ತಾ ಹದಿನಾರು ನುಡಿ ಸಲೀಸಾಗಿ ಹೇಳೋ ಹಾಡು ಅದು.

ಸರಿ, ಮೇಲಿನ ರೂಮಿನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಮನೇಲಿ ಸ್ಟುಡಿಯೋ ಮಾಡ್ಬೇಕು ಅನ್ನೋರು ಬಹಳ ಜನ ಅಂಥದ್ದೇ ರೂಮಿಂದ ಶುರು ಮಾಡ್ತಾರೆ. ಹತ್ತು ಬೈ ಹತ್ತು, ಎತ್ತರಾನೂ 10 ಅಡಿ. 90ರ ದಶಕದಲ್ಲಿ ಅಪ್ಪ ಕಟ್ಟಿಸಿದ್ದು, ಸಿಮೆಂಟು ಗೋಡೆ, ಆರ್‌ಸಿಸಿ ತಾರಸಿ, ನೆಲಕ್ಕೆ ಟೈಲ್ಸ್. ಬಾಗಿಲು ಹಾಕಿ ಒಂದು ಚಪ್ಪಾಳೆ ತಟ್ಟಿದ್ರೆ ಝಿರ್‌ರ್ ಅಂತ ಒಂದು ಲೋಹದ ಸದ್ದು ಬರುತ್ತೆ, ಎದುರುಬದುರು ಗೋಡೆ ಮಧ್ಯೆ ಸದ್ದು ಓಡಾಡೋದು ಅದು. ಈ ಝಿರ್ ಸದ್ದು ಹೋಗಿಸೋಕೆ ನಾನು ಮೊದಲು ಮಾಡಿದ ಕೆಲಸ ಫೋಮ್ ತರಿಸಿದ್ದು. ಆನ್‌ಲೈನ್ ಅಂಗಡಿಯೊಂದರಲ್ಲಿ "ಸೌಂಡ್‌ಪ್ರೂಫ್ ಫೋಮ್" ಅಂತಾನೇ ಬರೆದಿತ್ತು, ಒಂದಿಂಚು ದಪ್ಪ, ಕಪ್ಪು ಬಣ್ಣ, ಪಿರಮಿಡ್ ಪಿರಮಿಡ್ ಇರುತ್ತಲ್ಲ ಅದು. ಎರಡು ಗೋಡೆ ತುಂಬಾ ಅಂಟಿಸಿದೆ. ಝಿರ್ ಸದ್ದು ಹೋಯ್ತು. ರಸ್ತೆ ಸದ್ದು ಒಂದು ಚೂರೂ ಕಮ್ಮಿ ಆಗ್ಲಿಲ್ಲ, ಮತ್ತೆ ರೂಮಲ್ಲಿ ಏನು ಮಾತಾಡಿದ್ರೂ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ, ಮೇಲಿನ ಸ್ವರಗಳ ಹೊಳಪೆಲ್ಲಾ ಹೋಗಿ ಕೆಳಗಿನ ಸ್ವರಗಳ ಗುಂಯ್‌ಗುಂಯ್ ಮಾತ್ರ ಉಳೀತು.

ಆಗ ನಂಗೆ ಅರ್ಥ ಆಗಿದ್ದು, ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ ಅಂತ. ಹೊರಗಿನ ಸದ್ದು ಒಳಗೆ ಬರದ ಹಾಗೆ ತಡೆಯೋದು ಒಂದು. ರೂಮೊಳಗೇ ಹುಟ್ಟಿದ ಸದ್ದು ಗೋಡೆಗೆ ಬಡಿದು ವಾಪಸ್ ಬರೋದನ್ನ ಹದ ಮಾಡೋದು ಇನ್ನೊಂದು. ಫೋಮು, ರಾಕ್‌ವೂಲು ಅನ್ನೋ ಕಲ್ಲಿನ ನಾರು, ಹಾಸಿಗೆ, ಪರದೆ ಇವೆಲ್ಲಾ ಎರಡನೇ ಕೆಲಸಕ್ಕೆ. ಮೊದಲನೇದಕ್ಕೆ ಬೇಕಾಗಿರೋದು ತೂಕ, ಮತ್ತೆ ಒಂದು ಸಂದೂ ಇಲ್ಲದ ಹಾಗೆ ಮುಚ್ಚೋದು. ಗೋಡೆ ತೂಕ ಎರಡು ಪಟ್ಟು ಮಾಡಿದ್ರೂ ಹೆಚ್ಚು ಅಂದ್ರೆ 6 ಡೆಸಿಬಲ್ (ಸದ್ದಿನ ಜೋರು ಅಳೆಯೋ ಲೆಕ್ಕ) ಹೆಚ್ಚಿಗೆ ತಡೆಯುತ್ತೆ ಅಷ್ಟೇ, ಅದೇ ನೂರರಲ್ಲಿ ಒಂದು ಪಾಲಿನಷ್ಟು ಸಂದು ಬಿಟ್ರೆ ಎಂಥಾ ಗೋಡೆ ಇದ್ರೂ ಒಟ್ಟು 20 ಡೆಸಿಬಲ್ಲಿಗಿಂತ ಜಾಸ್ತಿ ತಡೆಯೋಕಾಗಲ್ಲ. ನಮ್ಮ ಮನೆಗಳಲ್ಲಿ ಬಾಗಿಲ ಕೆಳಗೆ ಒಂದು ಬೆರಳು ಜಾಗ, ಕಿಟಕಿ ಮೇಲೆ ವೆಂಟಿಲೇಟರು, ಗಾಳಿ ಆಡ್ಲಿ ಅಂತಲೇ ಕಟ್ಟಿರೋ ಮನೆಗಳು ಇವು. ಮುಚ್ಚೋದಾದ್ರೆ ಎ.ಸಿ. ಬೇಕು, ಎ.ಸಿ. ಹಾಕಿದ್ರೆ ಅದರದ್ದೇ ಸದ್ದು. ಒಳಗೊಂದು ರೂಮು ಹೊರಗೊಂದು ರೂಮು ಅಂತ ಜೋಡಿ ಗೋಡೆ ಕಟ್ಟೋರು ಇದಾರೆ, ಅದು ಲಕ್ಷಗಟ್ಟಲೆ ಕೆಲಸ, ಡ್ರಮ್ಸ್ ನುಡಿಸೋರಿಗೆ ಅಥವಾ ಇದನ್ನೇ ಹೊಟ್ಟೆಪಾಡು ಮಾಡ್ಕೊಂಡೋರಿಗೆ ಸರಿ.

ಕೆಳಗಿನ ಗುಂಯ್‌ಗೆ ಕಾರಣ ಆ ಹತ್ತು ಹತ್ತು ಹತ್ತು. ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತೆ. ಅದನ್ನ ರೂಮಿನ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ ಆ ರೂಮು ಯಾವ ಸ್ವರಕ್ಕೆ ತಾನೇ ಮೊಳಗುತ್ತೆ ಅನ್ನೋದು ಸಿಗುತ್ತೆ. 10 ಅಡಿಗೆ ಸುಮಾರು 56 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನ, ಆಮೇಲೆ ಅದರ ದುಪ್ಪಟ್ಟು 113, ಮೂರು ಪಟ್ಟು 170. ಬೇರೆ ಬೇರೆ ಅಳತೆ ಇದ್ರೆ ಉದ್ದಕ್ಕೊಂದು ಅಗಲಕ್ಕೊಂದು ಎತ್ತರಕ್ಕೊಂದು ಅಂತ ಹಂಚಿಹೋಗುತ್ತೆ. ಮೂರೂ ಒಂದೇ ಇದ್ರೆ ಮೂರೂ ಒಂದೇ ಜಾಗದಲ್ಲಿ ಬಂದು ಗುಡ್ಡೆ ಬೀಳುತ್ತೆ. ಅಮ್ಮನ ವೀಣೆ ಮೂರು ಮನೆ ಶ್ರುತಿ (ಹಾರ್ಮೋನಿಯಂನ ಮೂರನೇ ಬಿಳಿ ಮನೆ), ಮುಖ್ಯವಾಗಿ ನುಡಿಸೋ ಸಾರಣಿ ತಂತಿಯನ್ನ ಎಲ್ಲೂ ಒತ್ತದೆ ಮೀಟಿದ್ರೆ ಸುಮಾರು 165 ಹರ್ಟ್ಸ್. ಅಂದ್ರೆ ಅವಳ ಷಡ್ಜದ ಪಕ್ಕದಲ್ಲೇ ಆ ರೂಮಿನ ಒಂದು ಮೊಳಗು ಕೂತಿದೆ. ಒಂದಿಂಚು ಫೋಮು ಅದನ್ನ ಮುಟ್ಟೋದೂ ಇಲ್ಲ, ಆ ಸ್ವರದ ಅಲೆ ಒಂದೊಂದೂ ಏಳು ಅಡಿ ಹತ್ರ ಹತ್ರ ಇರುತ್ತೆ.

ಇದನ್ನೆಲ್ಲಾ ನೋಟ್‌ಬುಕ್ಕಲ್ಲಿ ಬರೆದು, ಆದ್ರೂ ಅದೇ ರೂಮನ್ನ ಸರಿ ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಅಮ್ಮನ ಪ್ರಶ್ನೆ ಬಂತು.

ಮಾರನೇ ದಿನ ಕೆಳಗೆ ನಡುಮನೇಲಿ ನಿಂತು ಚಪ್ಪಾಳೆ ತಟ್ಟಿ ನೋಡಿದೆ. ನಮ್ಮ ಕೆಳಗಿನ ಮನೆ ಹಳೇದು, ಸರಸ್ವತಿಪುರಂನಲ್ಲಿ ಈಗ ಇಂಥವು ಕಮ್ಮಿ ಆಗ್ತಾ ಇವೆ, ಮದ್ರಾಸ್ ತಾರಸಿ, ಮರದ ತೊಲೆಗಳು, ತೊಲೆ ಮಧ್ಯೆ ಮಧ್ಯೆ ಇಟ್ಟಿಗೆ ಕೂರಿಸಿರೋದು, ಕೆಂಪು ನೆಲ. ನಡುಮನೆ ಹದಿನಾಲ್ಕೂವರೆ ಅಡಿ ಉದ್ದ, ಹನ್ನೊಂದೂವರೆ ಅಗಲ, 10 ಎತ್ತರ. ಲೆಕ್ಕ ಹಾಕಿದ್ರೆ 39, 49, 56, ಮೂರೂ ಬೇರೆ ಬೇರೆ. ಒಂದು ಕಡೆ ಗೋಡೆಗೆ ಅಪ್ಪನ ಪುಸ್ತಕದ ಬೀರು, ಇನ್ನೊಂದು ಕಡೆ ದಿವಾನ್ ಮೇಲೆ ಹತ್ತಿ ಹಾಸಿಗೆ, ಮೇಲೆ ತೊಲೆ ಸಾಲು ಇರೋದ್ರಿಂದ ಸದ್ದು ನೇರ ವಾಪಸ್ ಬರಲ್ಲ, ಚೆಲ್ಲಾಪಿಲ್ಲಿ ಆಗುತ್ತೆ. ಚಪ್ಪಾಳೆ ಸದ್ದು ಒಂದು ಕ್ಷಣ ನಿಂತು ಮೆಲ್ಲಗೆ ಹೋಯ್ತು. ಜಮಖಾನ ಹಾಸಿ ಮತ್ತೆ ತಟ್ಟಿದೆ, ಇನ್ನೂ ಚೆನ್ನಾಗಿತ್ತು. ಅಮ್ಮ ಮದುವೆಯಾಗಿ ಬಂದಾಗಿಂದ ಇದೇ ಜಾಗದಲ್ಲೇ ಕೂತು ನುಡಿಸ್ತಾ ಬಂದಿದಾಳೆ. ಅವಳ ಬೆರಳಿಗೆ ಈ ರೂಮಿನ ಸದ್ದು ಗೊತ್ತು, ಎಷ್ಟು ಮೆತ್ತಗೆ ಮೀಟಿದ್ರೆ ಸಾಕು ಅನ್ನೋದನ್ನ ಈ ಗೋಡೆಗಳೇ ಅವಳಿಗೆ ಕಲಿಸಿರ್ಬೇಕು ಅನ್ನಿಸ್ತು ನಂಗೆ.

ಆದ್ರೆ ನಡುಮನೆ ಅಂದ್ರೆ ಎಲ್ಲಾ ಸದ್ದೂ ಅಲ್ಲೇ. ಅಡುಗೆಮನೆ ಒಂದು ಕಡೆ, ಬೀದಿ ಬಾಗಿಲು ಇನ್ನೊಂದು ಕಡೆ, ಮುಚ್ಚೋ ಮಾತೇ ಇಲ್ಲ. ಆಗ ಒಂದು ವಾರ ಸುಮ್ಮನೆ ಸದ್ದಿನ ಲೆಕ್ಕ ಬರೆದಿಟ್ಟೆ. ಈ ಇಡೀ ಯೋಜನೆಯಲ್ಲಿ ನಾನು ಮಾಡಿದ ಅತೀ ಉಪಯೋಗದ ಕೆಲಸ ಅದೇ, ದುಡ್ಡೂ ಬೇಡ. ಬೆಳಗ್ಗೆ ಐದೂಕಾಲಿಗೆ ಹಾಲಿನ ಗಾಡಿ. ಐದೂವರೆಗೆ ದೇವಸ್ಥಾನದ ಸುಪ್ರಭಾತ. ಆರಕ್ಕೆ ವಾಕಿಂಗ್ ಹೋಗೋರ ಮಾತು. ಆರೂ ಮುಕ್ಕಾಲಿಗೆ ನಮ್ಮನೆ ಕುಕ್ಕರ್, ಹತ್ತು ನಿಮಿಷಕ್ಕೆ ಪಕ್ಕದ ಮನೇದು. ಏಳಕ್ಕೆ ಕಸದ ಗಾಡಿ. ಎಂಟಕ್ಕೆ ಸ್ಕೂಲ್ ವ್ಯಾನ್‌ಗಳು, ಹಾರ್ನೋ ಹಾರ್ನು. ಹನ್ನೊಂದಕ್ಕೆ ಈರುಳ್ಳಿ ಗಾಡಿಯ ಮೈಕು. ಒಂದೂವರೆಯಿಂದ ಎರಡೂ ಮುಕ್ಕಾಲು ಪರವಾಗಿಲ್ಲ, ಕಾಗೆ ಬಿಟ್ರೆ. ಸಂಜೆ ಕೇಳೋದೇ ಬೇಡ. ರಾತ್ರಿ ಹನ್ನೊಂದರ ಮೇಲೆ ನಾಯಿಗಳು, ಎರಡು ಗಂಟೆವರೆಗೂ ನಂಬೋ ಹಾಗಿಲ್ಲ. ಬೆಳಗಿನ ಜಾವ ನಾಲ್ಕರಿಂದ ಐದೂಕಾಲು, ಏಳೂ ದಿನ ಆ ಕಾಲಂನಲ್ಲಿ ಏನೂ ಬರೆಯೋಕೆ ಇರ್ಲಿಲ್ಲ. ಫೋನಿನ ಮೀಟರ್ ಆ್ಯಪ್ ಪಕ್ಕಾ ಲೆಕ್ಕ ಕೊಡಲ್ಲ, ಹೋಲಿಸಿ ನೋಡೋಕೆ ಸಾಕು, ಬೆಳಗ್ಗೆ ಎಂಟಕ್ಕೂ ನಾಲ್ಕಕ್ಕೂ ಅದ್ರಲ್ಲಿ 20 ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಕಾಣ್ತು. ಅಷ್ಟು ಸದ್ದನ್ನ ಗೋಡೆ ಕಟ್ಟಿ ಕಮ್ಮಿ ಮಾಡ್ಬೇಕು ಅಂದ್ರೆ ಎಷ್ಟು ಖರ್ಚಾಗುತ್ತೆ ಅಂತ ಮೇಲಿನ ರೂಮಿಗೆ ಲೆಕ್ಕ ಹಾಕಿದ್ದು ನನ್ನ ಹತ್ರ ಇತ್ತು. ಸದ್ದು ತಡೆಯೋಕೆ ಗೋಡೆ ಕಟ್ಟೋದನ್ನ ಅವತ್ತೇ ಕೈಬಿಟ್ಟೆ, ಹೊತ್ತು ಆರಿಸ್ಕೊಂಡೆ. ಅಮ್ಮಂಗೆ ಹೇಳಿದ್ರೆ ಅವಳು "ನಾಲ್ಕಕ್ಕಾ? ನಾನು ಹೆಂಗಿದ್ರೂ ಎದ್ದಿರ್ತೀನಲ್ಲ" ಅಂದ್ಲು.

ಈ ಊರಲ್ಲಿ ಕೂತು ಮನೇಲಿ ರೆಕಾರ್ಡಿಂಗ್ ಅಂತ ಯೋಚಿಸುವಾಗೆಲ್ಲಾ ಇಬ್ಬರು ನೆನಪಾಗ್ತಾರೆ. 1902ರ ನವೆಂಬರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಅಲ್ಲಿನ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಿದ್ದು ಹೋಟೆಲ್ ರೂಮಲ್ಲಿ. ರೆಕಾರ್ಡಿಂಗಿಗೆ ಕರೆಂಟಿನ ಮೈಕೇ ಇರ್ಲಿಲ್ಲ ಆಗ, ದೊಡ್ಡ ಕಹಳೆಯಂಥದ್ದರ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡ್ಬೇಕು, ಸುಮಾರು ಮೂರು ನಿಮಿಷದಲ್ಲಿ ಮುಗಿಸ್ಬೇಕು, ಕೊನೇಲಿ ತಮ್ಮ ಹೆಸರು ತಾವೇ ಹೇಳ್ಬೇಕು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಇನ್ನೊಬ್ಬರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಅವರು ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಆ ಮನೆಯಿಂದ. ಒಬ್ಬ ಮೇಷ್ಟ್ರ ಮನೆ ರೂಮಿಂದ ಹೊರಟ ಸಂಗೀತಾನ ಊರು ಕೇಳ್ತು. ನಮ್ಮ ಮನೆಯಿಂದ ಒಂಟಿಕೊಪ್ಪಲು ದೂರ ಏನಿಲ್ಲ. ನೋಟ್‌ಬುಕ್ಕಿನ ಲೆಕ್ಕ ಎಲ್ಲಾ ಉಲ್ಟಾ ಹೊಡೆದ ದಿನ ಸ್ಕೂಟರ್‌ನಲ್ಲಿ ಆ ಕಡೆ ಒಂದು ಸುತ್ತು ಹೋಗಿ ಬಂದಿದೀನಿ.

ಆಚಾರ್ರನ್ನ ಮತ್ತೆ ಕರೆಸಿದೆ. ಈ ಸಲ ಗೋಡೆಗೆ ಏನೂ ಹೊಡೆಯೋದಿಲ್ಲ, ನಿಲ್ಲಿಸಿ ತೆಗೆಯೋ ಹಾಗೆ ನಾಲ್ಕು ಹಲಗೆ ಬೇಕು ಅಂದೆ. 4 ಅಡಿ ಎತ್ತರ, 2 ಅಡಿ ಅಗಲ, 4 ಇಂಚು ದಪ್ಪದ ಮರದ ಚೌಕಟ್ಟು, ಕೆಳಗೆ ಕಾಲು. ಒಳಗೆ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ ಸ್ಲ್ಯಾಬ್, ಎರಡಿಂಚಿನದು ಎರಡೆರಡು. "ಹಿಂದುಗಡೆ ಪ್ಲೈವುಡ್ ಹೊಡೆದ್ರೆ ಗಟ್ಟಿ ಇರುತ್ತೆ ಅಮ್ಮಾ" ಅಂದ್ರು ಅವರು. ಬೇಡ ಆಚಾರ್ರೇ, ಎರಡೂ ಕಡೆ ಬಟ್ಟೇನೇ ಇರ್ಲಿ ಅಂದೆ, ಸದ್ದು ಒಳಗೆ ಹೋಗ್ಬೇಕು, ಹಿಂದಿನಿಂದ ಬಂದಿದ್ದೂ ಹೋಗ್ಬೇಕು. ಬಟ್ಟೆ ಆರಿಸೋಕೆ ಒಂದು ಸುಲಭದ ಪರೀಕ್ಷೆ ಇದೆ, ಬಾಯಿಗೆ ಹಿಡಿದು ಊದಿದ್ರೆ ಉಸಿರು ಆಚೆ ಕಡೆ ಸಲೀಸಾಗಿ ಹೋಗ್ಬೇಕು. ಖಾದಿ ಪಾಸಾಯ್ತು, ಸೋಫಾ ಬಟ್ಟೆ ಫೇಲು. ಮನೇಲಿ ಹಳೇ ಹತ್ತಿ ಹಾಸಿಗೆ ಇದಾವಲ್ಲ ಅದನ್ನೇ ತುಂಬಿದ್ರೆ ಅಂತ ಅಮ್ಮ ಕೇಳಿದ್ಲು. ಸದ್ದು ಹೀರೋಕೆ ಹತ್ತೀನೂ ಒಳ್ಳೇದೇ, ಆದ್ರೆ ದೇವರ ದೀಪ ಉರಿಯೋ ಮನೆ, ರಾಕ್‌ವೂಲ್ ಕಲ್ಲಿನ ನಾರು, ಹೊತ್ತಿಕೊಳ್ಳಲ್ಲ. ತುಂಬುವಾಗ ಮಾತ್ರ ಮೂಗು ಬಾಯಿಗೆ ಮಾಸ್ಕು, ಕೈಗೆ ಗ್ಲೌಸು ಹಾಕ್ಕೋಬೇಕು, ನಾರು ಚರ್ಮಕ್ಕೆ ತಾಗಿದ್ರೆ ಎರಡು ದಿನ ಕೆರೆತ. ಹಲಗೆಗಳನ್ನ ಗೋಡೆಗೆ ಒತ್ತಿ ಇಡದೆ ಒಂದು ಗೇಣು ಮುಂದೆ ನಿಲ್ಲಿಸ್ತೀನಿ, ಹಿಂದೆ ಗಾಳಿ ಇದ್ದಷ್ಟೂ ಕೆಳಗಿನ ಸ್ವರಗಳನ್ನ ಚೆನ್ನಾಗಿ ಹಿಡಿಯುತ್ತೆ. ರೆಕಾರ್ಡಿಂಗ್ ಮುಗಿದ್ಮೇಲೆ ನಾಲ್ಕನ್ನೂ ಬೀರು ಪಕ್ಕಕ್ಕೆ ಸರಿಸಿದ್ರೆ ನಡುಮನೆ ಮತ್ತೆ ನಡುಮನೆ.

ಸಾಮಾನಿನ ವಿಷಯ ಚಿಕ್ಕದು, ಎಲ್ಲರೂ ಶುರು ಮಾಡೋದೇ ಅಲ್ಲಿಂದ ಆದ್ರೂ. ಲ್ಯಾಪ್‌ಟಾಪ್ ಇದೆ. ಎರಡು ಮೈಕ್ ಹಾಕೋ ಒಂದು ಆಡಿಯೋ ಇಂಟರ್‌ಫೇಸ್ ತಗೊಂಡೆ, ಮೈಕಿನ ಸದ್ದನ್ನ ಲ್ಯಾಪ್‌ಟಾಪಿಗೆ ತಲುಪಿಸೋ ಪೆಟ್ಟಿಗೆ, ಮೈಕಿಗೆ ಬೇಕಾದ 48 ವೋಲ್ಟ್ ಕರೆಂಟನ್ನೂ (ಫ್ಯಾಂಟಮ್ ಪವರ್) ಕೊಡೋದು. ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಮೈಕ್ ಎರಡು, ಒಂದು ವೀಣೆಗೆ, ಒಂದು ಬಾಯಿಗೆ. ವೇದಿಕೆ ಮೇಲೆ ಹಿಡ್ಕೊಂಡು ಹಾಡೋ ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕು ಗಟ್ಟಿಮುಟ್ಟು, ಸುತ್ತಲಿನ ಸದ್ದು ಕಮ್ಮಿ ಹಿಡಿಯುತ್ತೆ, ನಿಜ, ಆದ್ರೆ ಅಮ್ಮನ ಮೆತ್ತಗಿನ ಮೀಟಿಗೆ ಅದರ ಸದ್ದನ್ನ ಎಷ್ಟು ಎತ್ತಬೇಕು ಅಂದ್ರೆ ನಾದದ ಜೊತೆ ಸುಯ್ ಅನ್ನೋ ಸದ್ದೂ ಮೇಲೆ ಬರುತ್ತೆ. ವೀಣೆಯ ಕೊಡದಿಂದ ಒಂದೂವರೆ ಅಡಿ ದೂರ, ಸ್ವಲ್ಪ ವೀಣೆಯ ಮೆಟ್ಟಿಲುಗಳ (ತಂತಿ ಒತ್ತೋ ಪಟ್ಟಿಗಳ) ಕಡೆ ಮೈಕ್ ತಿರುಗಿಸಿ ಇಟ್ರೆ ತಂತಿ ಮತ್ತೆ ಮರ ಎರಡೂ ಕೇಳುತ್ತೆ, ಇನ್ನೂ ಹತ್ರ ಹೋದ್ರೆ ಉಗುರಿನ ಸದ್ದೇ ಜಾಸ್ತಿ. ಲ್ಯಾಪ್‌ಟಾಪ್ ಫ್ಯಾನು ಶುರುವಾದ್ರೆ ಕಂಡೆನ್ಸರ್ ಬಿಡಲ್ಲ, ಅದಕ್ಕೇ ಉದ್ದದ ಎಕ್ಸ್‌ಎಲ್‌ಆರ್ ಅನ್ನೋ ಮೈಕ್ ಕೇಬಲ್ ತಂದು ಲ್ಯಾಪ್‌ಟಾಪನ್ನ ಪಕ್ಕದ ರೂಮಲ್ಲಿಟ್ಟು ಬಾಗಿಲು ಮುಂದೆ ಮಾಡಿದೀನಿ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೇ ನಡೆಸೋದು, ಚಾರ್ಜರ್ ಹಾಕಿದ್ರೆ ನಮ್ಮನೇಲಿ ಹಂ ಅಂತ ಒಂದು ಸದ್ದು ಸೇರ್ಕೊಳ್ಳುತ್ತೆ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಎರಡು ಮೈಕಿನದ್ದು ಒಂದು ಗಂಟೆಗೆ ಒಂದು ಜಿಬಿ ಆಗುತ್ತೆ, ಮೂರು ಕಡೆ ಕಾಪಿ ಇಡ್ತೀನಿ, ಒಂದು ಮನೆ ಹೊರಗೆ.

ಫ್ರಿಜ್ ಆಫ್ ಮಾಡ್ಲೇಬೇಕು. ಆಫ್ ಮಾಡೋವಾಗ ಸ್ಕೂಟರ್ ಕೀನ ಫ್ರಿಜ್ ಒಳಗೇ ಇಟ್ಟುಬಿಡ್ತೀನಿ, ಆಫೀಸಿಗೆ ಹೊರಡುವಾಗ ಕೀ ಬೇಕೇ ಬೇಕು, ಹಾಗಾಗಿ ಮತ್ತೆ ಆನ್ ಮಾಡೋದು ಮರೆಯೋಕಾಗಲ್ಲ. ಹಾಲು ಕೆಟ್ಟರೆ ಅಮ್ಮ ರೆಕಾರ್ಡಿಂಗೇ ಬೇಡ ಅಂದುಬಿಡ್ತಾಳೆ.

ಹೋದ ಗುರುವಾರ ಮೊದಲ ಟ್ರಯಲ್. ಹಲಗೆ ಇನ್ನೂ ಎರಡೇ ಬಂದಿವೆ. ನಾಲ್ಕಕ್ಕೆ ಎದ್ದು ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರ, ಎಲ್ಲಾ ನಿಲ್ಲಿಸಿದೆ. ಗಡಿಯಾರದ ಟಿಕ್ ಟಿಕ್ ಇಷ್ಟು ವರ್ಷ ನಂಗೆ ಕೇಳೇ ಇರ್ಲಿಲ್ಲ, ಹೆಡ್‌ಫೋನ್ ಹಾಕಿದ್ಮೇಲೆ ಸುತ್ತಿಗೆ ಏಟಿನ ಹಾಗೆ ಕೇಳ್ತು. ಮಗಳು ಒಳಗೆ ಮಗ್ಗುಲು ಬದಲಾಯಿಸಿದ್ದೂ ಕೇಳ್ತು. ಅಮ್ಮ ಸೆರಗು ಸಿಗಿಸ್ಕೊಂಡು ಜಮಖಾನದ ಮೇಲೆ ಕೂತು, ವೀಣೆ ತೊಡೆ ಮೇಲೆ ಎಳ್ಕೊಂಡು ಶ್ರುತಿ ಮಾಡೋಕೆ ಶುರು ಮಾಡಿದ್ಲು. ಬಿರಡೆ ತಿರುಗಿಸುವಾಗ ಕಿರ್ ಅನ್ನೋ ಸದ್ದು, ಒಂದು ಸಣ್ಣ ಕೆಮ್ಮು, ಗಾಜಿನ ಬಳೆ ದಂಡಿಗೆ ತಾಗಿ ಒಂದು ಟಕ್. ಬಳೆ ತೆಗೀತೀಯಾಮ್ಮಾ ಅಂತ ಕೇಳೋಣ ಅಂತ ಬಾಯಿಗೆ ಬಂತು, ಕೇಳ್ಲಿಲ್ಲ, ಅಷ್ಟರಲ್ಲಿ ಅವಳೇ ಬಳೆಗಳನ್ನ ಮೊಣಕೈ ಕಡೆಗೆ ಮೇಲೆ ಸರಿಸಿ ಬಿಗಿ ಮಾಡ್ಕೊಂಡ್ಲು. ಆಮೇಲೆ ಮೀಟಿದ್ಲು. ಒಂದು ಮೀಟು, ಷಡ್ಜದಿಂದ ಎಳೀತಾ ಎಳೀತಾ, ಮೂರನೇ ಸ್ವರ, ನಾಲ್ಕನೇದು, ನಾನು ಕಣ್ಣುಮುಚ್ಚಿ ಇನ್ನೇನು ಮುಗೀತು ಅಂದ್ಕೊಂಡಾಗ ಐದನೇದೂ ಬಂತು. ಮನೇಲೇ ಹುಟ್ಟಿ ಬೆಳೆದೋಳು ನಾನು, ಆ ಐದನೇ ಸ್ವರವನ್ನ ಅವತ್ತೇ ಮೊದಲ ಸಲ ಪೂರ್ತಿ ಕೇಳಿದ್ದು.

ಐದೂ ಹತ್ತಕ್ಕೆ ನಿಲ್ಲಿಸಿದ್ವಿ. ಹಾಲಿನ ಗಾಡಿ ಬರೋಷ್ಟರಲ್ಲಿ ಅವಳು ಒಲೆ ಮುಂದೆ ಇದ್ಲು.

ಮುಂದಿನ ಕೆಲಸ ಹಾಡಿನ ಪಟ್ಟಿ. ಅದನ್ನ ಅಮ್ಮಾನೇ ಬರೀತಾ ಇದಾಳೆ, ಹೋದ ವರ್ಷದ ಕ್ಯಾಲೆಂಡರ್ ಹಾಳೆಗಳ ಹಿಂದೆ, ಪೆನ್ಸಿಲ್ಲಲ್ಲಿ, ಮಧ್ಯಾಹ್ನ ನೆನಪಾದಾಗೆಲ್ಲಾ ಒಂದೊಂದು. ನಿನ್ನೆಗೆ 43 ಆಗಿದೆ. ಕೆಲವಕ್ಕೆ ಪೂರ್ತಿ ನುಡಿ ಬರೆದಿದಾಳೆ, ಏಳೆಂಟಕ್ಕೆ ಮೊದಲ ಸಾಲು ಮಾತ್ರ, ಮುಂದೆ ಚುಕ್ಕಿ ಚುಕ್ಕಿ. ಇವು ಯಾಕೆ ಅರ್ಧಕ್ಕೆ ನಿಂತಿವೆ ಅಂತ ಕೇಳಿದ್ರೆ, "ಬರೆಯೋಕೆ ಕೂತ್ರೆ ಬರಲ್ಲ ಕಣೇ, ಹಾಡ್ತಾ ಹಾಡ್ತಾ ತಾನೇ ಬರುತ್ತೆ, ನೀನು ಮೈಕ್ ಹಾಕಿಟ್ಟಿರು" ಅಂದ್ಲು. ಉಳಿದ ಎರಡು ಹಲಗೆ ಭಾನುವಾರ ತಂದುಕೊಡ್ತೀನಿ ಅಂದಿದಾರೆ ಆಚಾರ್ರು. ನಾನು ಸೋಮವಾರದಿಂದ ಮೂರೂ ಮುಕ್ಕಾಲಿಗೆ ಅಲಾರಾಂ ಇಟ್ಟಿದೀನಿ, ಚುಕ್ಕಿ ಹಾಕಿರೋ ಹಾಡುಗಳಿಂದಲೇ ಶುರು ಮಾಡ್ತೀವಿ.